ಸಾಕು ಎನ್ನುವ ಸನ್ನೆ

ಗಾಂಜಾ ಬಗ್ಗೆ ನಮ್ಮ ಊರುಗಳಲ್ಲಿ ಎರಡು ಮಾತು ಜೊತೆಜೊತೆಯಾಗಿ ಓಡಾಡುತ್ತವೆ. ಭೇದಿಗೆ, ಹೊಟ್ಟೆನೋವಿಗೆ, ನಿದ್ದೆ ಹತ್ತದ ರಾತ್ರಿಗಳಿಗೆ, ಹಿಡಿದುಕೊಂಡ ಮೈಕೈಗೆ ಭಂಗಿ ಸೊಪ್ಪು ಮದ್ದು ಎನ್ನುವುದು ಒಂದು. ಸೇದಿ ಸೇದಿ ಆ ಹುಡುಗನ ತಲೆ ಕೆಟ್ಟೇ ಹೋಯಿತು ಎನ್ನುವುದು ಇನ್ನೊಂದು. ಎಷ್ಟೋ ಸಲ ಎರಡನ್ನೂ ಹೇಳುವ ಹಿರಿಯರು ಒಬ್ಬರೇ ಆಗಿರುತ್ತಾರೆ. ಯಾದಗಿರಿ ಜಿಲ್ಲೆಯ ತಿಂಥಣಿಯಲ್ಲಿ ಮೌನೇಶ್ವರನ ಜಾತ್ರೆಗೆ ಬಂದ ಭಕ್ತರಿಗೆ ಗಾಂಜಾ ಪ್ರಸಾದವಾಗಿ ಸಿಗುವುದನ್ನು ಪತ್ರಿಕೆಗಳು ಬರೆದಿವೆ. ಅದೇ ಸೊಪ್ಪು ಬೆಂಗಳೂರಿನ ಹಾಸ್ಟೆಲ್ ಕೋಣೆಯಲ್ಲಿ ಸಿಕ್ಕರೆ ಪೊಲೀಸರು ಬರುತ್ತಾರೆ.

ಆಸ್ಪತ್ರೆಗಳೂ ಈ ಇಬ್ಬಂದಿಯಿಂದ ಪಾರಾಗಿಲ್ಲ. ಗಾಂಜಾದ ಅಮಲಿನ ರಾಸಾಯನಿಕವನ್ನೇ ಕಾರ್ಖಾನೆಯಲ್ಲಿ ತಯಾರಿಸಿ, ಡ್ರೊನಾಬಿನಾಲ್ ಎಂಬ ಹೆಸರಿನ ಗುಳಿಗೆ ಮಾಡಿ, ಕಿಮೋಥೆರಪಿಯ ವಾಂತಿ ತಡೆಯಲು ಕೊಡಬಹುದು ಎಂದು 1985ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. 2004ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್ ಸುತ್ತಮುತ್ತಲಿನ ವೈದ್ಯರು ಇದಕ್ಕೆ ತದ್ವಿರುದ್ಧವಾದದ್ದನ್ನು ವರದಿ ಮಾಡಿದರು. ಅವರ ರೋಗಿಗಳು ವರ್ಷಗಟ್ಟಲೆ ದಿನವೂ ಗಾಂಜಾ ಸೇದಿದವರು. ಅವರಿಗೆ ಆಗಾಗ ತಡೆಯಲಾರದ ವಾಂತಿ ಬರುತ್ತಿತ್ತು, ಮಾಮೂಲಿ ಔಷಧಿಗಳು ನಾಟುತ್ತಿರಲಿಲ್ಲ. ಸ್ವಲ್ಪ ನೆಮ್ಮದಿ ಕೊಡುತ್ತಿದ್ದದ್ದು ಸುಡುಸುಡುವ ಬಿಸಿನೀರು ಮಾತ್ರ. ಹೀಗಾಗಿ ಹೊತ್ತುಗೊತ್ತಿಲ್ಲದೆ ಶವರ್ ಕೆಳಗೆ ನಿಂತುಬಿಡುತ್ತಿದ್ದರು. ಗಾಂಜಾ ಬಿಟ್ಟ ಮೇಲೆ ವಾಂತಿಯೂ ನಿಂತಿತು, ಮತ್ತೆ ಶುರು ಮಾಡಿದವರಿಗೆ ಮರಳಿ ಬಂತು.

ವಾಂತಿ ನಿಲ್ಲಿಸುವ ಗಿಡವೇ ವಾಂತಿ ತರಿಸುವುದು ಹೇಗೆ? ಒಬ್ಬನನ್ನು ಹಾಯಾಗಿ ಮಲಗಿಸುವ ಭಂಗಿ ಪಕ್ಕದಲ್ಲೇ ಕುಳಿತವನನ್ನು ಭಯದಿಂದ ನಡುಗಿಸುವುದು ಹೇಗೆ? ಉತ್ತರ ಸಿಗಲು ಒಂದೂವರೆ ಶತಮಾನ ಹಿಡಿಯಿತು, ಅದರ ಹುಡುಕಾಟ ಆರಂಭವಾದದ್ದು ನಮ್ಮ ದೇಶದಲ್ಲೇ.

ಕಲ್ಕತ್ತೆಯ ನಾಯಿ

ವಿಲಿಯಂ ಬ್ರೂಕ್ ಓಶಾನೆಸಿ ಐರ್ಲೆಂಡಿನ ವೈದ್ಯ. ಈಸ್ಟ್ ಇಂಡಿಯಾ ಕಂಪನಿಯ ನೌಕರಿಗೆ ಬಂದು ಕಲ್ಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ. ಊರಿನ ಜನ ಗಾಂಜಾವನ್ನು ಅಮಲಿಗೂ ಮದ್ದಿಗೂ ಬಳಸುವುದನ್ನು ನೋಡಿ, ಪಂಡಿತರನ್ನೂ ಹಕೀಮರನ್ನೂ ಕೇಳಿ ತಿಳಿದುಕೊಂಡ. ಆಮೇಲೆ ಪರೀಕ್ಷೆಗೆ ಇಳಿದ.

ಮೊದಲು ಪ್ರಾಣಿಗಳ ಮೇಲೆ. ಮಧ್ಯಮ ಗಾತ್ರದ ಒಂದು ನಾಯಿಗೆ ನೇಪಾಳದ ಚರಸ್ ತಿನ್ನಿಸಿದ. ಅರ್ಧ ಗಂಟೆಯಲ್ಲಿ ಅದು ಮಂಕಾಯಿತು, ತೂಕಡಿಸಿತು, ನಡುನಡುವೆ ಎಚ್ಚೆತ್ತು ಬಾಲ ಅಲ್ಲಾಡಿಸಿತು, ಕೊಟ್ಟ ಆಹಾರವನ್ನು ಗಬಗಬನೆ ತಿಂದಿತು, ಕರೆದರೆ ತೂರಾಡುತ್ತ ಬಂತು. ಆರು ಗಂಟೆ ಕಳೆಯುವಷ್ಟರಲ್ಲಿ ಮೊದಲಿನಂತೆ ಚುರುಕಾಯಿತು. ನಿದ್ದೆ, ನೆಮ್ಮದಿ, ಹಸಿವು, ತೂರಾಟ, ಆಮೇಲೆ ಯಾವ ಅಪಾಯವೂ ಇಲ್ಲದ ಚೇತರಿಕೆ. ಮುಂದಿನ ಕಾಲದ ವಿಜ್ಞಾನ ವಿವರಿಸಬೇಕಾಗಿದ್ದ ಸಂಗತಿಗಳಲ್ಲಿ ಬಹುಪಾಲು ಆ ಒಂದು ನಾಯಿಯಲ್ಲೇ ಕಾಣಿಸಿಕೊಂಡಿದ್ದವು.

ನಂತರ ರೋಗಿಗಳ ಸರದಿ. ಕೀಲುನೋವು, ಕಾಲರಾ, ಧನುರ್ವಾಯು, ನಲವತ್ತು ದಿನದ ಒಂದು ಕೂಸಿನ ಸೆಳವು. ಹುಚ್ಚುನಾಯಿ ಕಚ್ಚಿದ್ದ ಒಬ್ಬನಿಗೂ ಕೊಟ್ಟು ನೋಡಿದ. ನೀರು ಕಂಡರೇ ಗಂಟಲು ಬಿಗಿದುಕೊಂಡು ಒದ್ದಾಡುತ್ತಿದ್ದ ಆ ಮನುಷ್ಯ ಔಷಧಿ ಏರಿದ ಮೇಲೆ ಒಂದಿಷ್ಟು ತಿನ್ನಲು, ನುಂಗಲು ಶಕ್ತನಾದ. ಅವನು ಬದುಕಲಿಲ್ಲ, ಆ ರೋಗಕ್ಕೆ ಮದ್ದೇ ಇರಲಿಲ್ಲ. ಆದರೆ ಕೊನೆಯ ದಿನಗಳ ಯಾತನೆ ತಗ್ಗಿತು. ಕೂಸು ಮಾತ್ರ ಗುಣವಾಯಿತು. 1839ರಲ್ಲಿ ಓಶಾನೆಸಿ ಇದನ್ನೆಲ್ಲ ಪ್ರಕಟಿಸಿದ ಮೇಲೆ ಗಾಂಜಾ ಯುರೋಪಿನ ಔಷಧಿ ಅಂಗಡಿಗಳಿಗೆ ಹೊಕ್ಕಿತು.

ಅಂಗಡಿಯಲ್ಲಿ ಅದು ಬಹುಕಾಲ ಬಾಳಲಿಲ್ಲ. ಅಫೀಮಿನ ಸತ್ವವಾದ ಮಾರ್ಫಿನ್ ಆಗಲೇ ಶುದ್ಧ ರೂಪದಲ್ಲಿ ಸಿಗುತ್ತಿತ್ತು. ಅದು ನೀರಿನಲ್ಲಿ ಕರಗುತ್ತಿತ್ತು, ಸೂಜಿಯಲ್ಲಿ ಹೋಗುತ್ತಿತ್ತು. ಗಾಂಜಾದ ಅಂಟು ನೀರಿಗೆ ಜಗ್ಗುವುದಿಲ್ಲ. ಒಂದು ಸೀಸೆಯ ಔಷಧಿ ಏನೂ ಮಾಡುತ್ತಿರಲಿಲ್ಲ, ಇನ್ನೊಂದು ಸೀಸೆ ರೋಗಿಯನ್ನು ಮಲಗಿಸಿಬಿಡುತ್ತಿತ್ತು. ಎಷ್ಟು ಕೊಡಬೇಕೆಂದು ಹೇಳಲಾಗದ ಔಷಧಿಯನ್ನು ವೈದ್ಯರು ನಂಬಲಿಲ್ಲ, ನಂಬದಿದ್ದದ್ದು ಸರಿಯೂ ಆಗಿತ್ತು. 1942ರಲ್ಲಿ ಅಮೆರಿಕದ ಅಧಿಕೃತ ಔಷಧ ಪಟ್ಟಿಯಿಂದ ಗಾಂಜಾ ಹೊರಬಿತ್ತು.

ಬಸ್ಸಿನಲ್ಲಿ ಬಂದ ಐದು ಕಿಲೋ

1960ರ ದಶಕದ ಆರಂಭದಲ್ಲಿ ರಾಫೆಲ್ ಮೆಕೌಲಮ್ ಎಂಬ ಇಸ್ರೇಲಿನ ಯುವ ರಸಾಯನವಿಜ್ಞಾನಿಗೆ ಒಂದು ಅಚ್ಚರಿ ಕಾಡುತ್ತಿತ್ತು. ಅಫೀಮಿನ ಸತ್ವ ತಿಳಿದು ನೂರೈವತ್ತು ವರ್ಷ ಕಳೆದಿದ್ದರೂ ಗಾಂಜಾದಲ್ಲಿ ಅಮಲು ಕೊಡುವುದು ಯಾವುದೆಂದು ಜಗತ್ತಿಗೆ ಇನ್ನೂ ಖಚಿತವಾಗಿರಲಿಲ್ಲ. ಪೊಲೀಸರು ವಶಪಡಿಸಿಕೊಂಡಿದ್ದ ಲೆಬನಾನಿನ ಹಶೀಶಿನಲ್ಲಿ, ಅಂದರೆ ಗಾಂಜಾದ ಅಂಟಿನಲ್ಲಿ, ಐದು ಕಿಲೋ ಕೇಳಿ ಪಡೆದು, ಚೀಲದಲ್ಲಿಟ್ಟುಕೊಂಡು, ಸಾಮಾನ್ಯ ಬಸ್ಸಿನಲ್ಲೇ ರೆಹೊವೊತ್‌ನ ವೈಜ್‌ಮನ್ ಸಂಸ್ಥೆಗೆ ತಂದರು. ಬಸ್ಸಿನ ತುಂಬ ಅದರ ವಾಸನೆ ಹರಡಿತ್ತಂತೆ.

ಅದರಲ್ಲಿದ್ದ ಹಲವಾರು ರಾಸಾಯನಿಕಗಳನ್ನು ಒಂದೊಂದಾಗಿ ಬೇರ್ಪಡಿಸಿದಾಗ ಎರಡು ಮುಖ್ಯವಾದವು. 1963ರಲ್ಲಿ ರಚನೆ ಬಿಡಿಸಿದ ಸಿಬಿಡಿ, 1964ರಲ್ಲಿ ಯೆಹಿಯೆಲ್ ಗಾವೊನಿ ಜೊತೆ ಶುದ್ಧಗೊಳಿಸಿದ ಟಿಎಚ್‌ಸಿ. ಅಮಲು ಕೊಡುವುದು ಟಿಎಚ್‌ಸಿ. ಸಿಬಿಡಿಯಲ್ಲಿ ಅಮಲಿಲ್ಲ.

ಇನ್ನೂ ದೊಡ್ಡ ಪ್ರಶ್ನೆ ಉಳಿದಿತ್ತು: ಟಿಎಚ್‌ಸಿ ಮಿದುಳಿನಲ್ಲಿ ಕೆಲಸ ಮಾಡುವುದು ಎಲ್ಲಿ? 1988ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಆಲಿನ್ ಹೌಲೆಟ್ ಮತ್ತು ಅವರ ವಿದ್ಯಾರ್ಥಿ ವಿಲಿಯಂ ಡೆವೇನ್, ಮಿದುಳಿನಲ್ಲಿ ಟಿಎಚ್‌ಸಿ ಬಂದು ಕೂರುವ ನೆಲೆಯನ್ನು ತೋರಿಸಿಕೊಟ್ಟರು. ಇಂಥ ನೆಲೆಗೆ ಗ್ರಾಹಕ ಎಂದು ಹೆಸರು, ಇದನ್ನು ಸಿಬಿ1 ಎಂದು ಕರೆದರು. ಅದು ಮಿದುಳಿನಲ್ಲಿ ಅಲ್ಲೊಂದು ಇಲ್ಲೊಂದು ಇರಲಿಲ್ಲ. ಇಷ್ಟು ದಟ್ಟವಾಗಿ ಹರಡಿರುವ ಗ್ರಾಹಕಗಳು ಮಿದುಳಿನಲ್ಲಿ ಕೆಲವೇ. ಹಿಮಾಲಯದ ಬುಡದಲ್ಲಿ ಬೆಳೆಯುವ ಒಂದು ಗಿಡದ ಅಂಟಿಗಾಗಿ ನಮ್ಮ ತಲೆಯಲ್ಲಿ ಇಷ್ಟೊಂದು ಜಾಗ ಕಾದಿರಿಸಿರಲು ಸಾಧ್ಯವಿಲ್ಲ. ಹಾಗಾದರೆ ಮೈಯೇ ತಯಾರಿಸುವ ಏನೋ ಒಂದು ಅಲ್ಲಿ ಕೂರಬೇಕು. 1992ರಲ್ಲಿ ಮೆಕೌಲಮ್ ತಂಡ ಹಂದಿಯ ಮಿದುಳಿನಿಂದ ಅದನ್ನು ಹೊರತೆಗೆದು, ಸಂಸ್ಕೃತದ ಆನಂದವನ್ನು ಸೇರಿಸಿ ಆನಂದಮೈಡ್ ಎಂದು ಹೆಸರಿಟ್ಟಿತು. 1995ರಲ್ಲಿ 2-ಎಜಿ ಎಂಬ ಇನ್ನೊಂದು ಸಿಕ್ಕಿತು. ಇವೆರಡನ್ನೂ ಇಲ್ಲಿ ಒಡಲಭಂಗಿ ಎನ್ನೋಣ.

ಎಲೆಯ ಮೇಲೆ ಅಡ್ಡ ಕೈ

ಒಡಲಭಂಗಿಯ ಕೆಲಸವೇನು? ಮದುವೆ ಮನೆಯ ಪಂಕ್ತಿಯನ್ನು ನೆನೆಸಿಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಬಡಿಸುವವರು ಸಾರಿನ ಬಕೆಟ್ ಹಿಡಿದು ಸರಸರನೆ ಬರುತ್ತಾರೆ. ಬೇಕಾದವರು ಅನ್ನಕ್ಕೆ ಗುಳಿ ಮಾಡಿಕೊಡುತ್ತಾರೆ. ಸಾಕಾದವರು ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಾರೆ. ಆ ಕೈ ಕಂಡೊಡನೆ ಬಾಗಿದ್ದ ಸೌಟು ನೆಟ್ಟಗಾಗಿ ಮುಂದಿನ ಎಲೆಗೆ ಹೋಗುತ್ತದೆ.

ಮಿದುಳಿನ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದು ರಾಸಾಯನಿಕಗಳನ್ನು ಬಡಿಸಿಯೇ. ಎರಡರ ನಡುವೆ ಕಣ್ಣಿಗೆ ಕಾಣದಷ್ಟು ಕಿರಿದಾದ ಒಂದು ಸಂದು. ಈಚೆಯ ಕೋಶ ಆ ಸಂದಿಗೆ ರಾಸಾಯನಿಕ ಸುರಿಯುತ್ತದೆ, ಆಚೆಯದು ಸ್ವೀಕರಿಸುತ್ತದೆ. ಸುದ್ದಿ ಹರಿಯುವುದು ಒಂದೇ ದಿಕ್ಕಿಗೆ ಎಂದು ಬಹುಕಾಲ ಪಾಠ ಹೇಳುತ್ತಿದ್ದರು. 2001ರಲ್ಲಿ ಜಪಾನಿನ ಕನಜಾವಾ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಹಾರ್ವರ್ಡ್‌ನ ಮೂರು ತಂಡಗಳು ಬೇರೆಬೇರೆಯಾಗಿ ಅದಕ್ಕೆ ಒಂದು ತಿದ್ದುಪಡಿ ಕೊಟ್ಟವು. ಸುರಿದದ್ದು ಅತಿಯಾದಾಗ ಸ್ವೀಕರಿಸುವ ಕೋಶ ತನ್ನ ಗೋಡೆಯ ಕೊಬ್ಬಿನಿಂದಲೇ ಆ ಗಳಿಗೆಯಲ್ಲಿ ಒಡಲಭಂಗಿಯನ್ನು ತಯಾರಿಸಿ ಹಿಂದಕ್ಕೆ ಕಳಿಸುತ್ತದೆ. ಸಿಬಿ1 ಗ್ರಾಹಕಗಳು ಹೆಚ್ಚಾಗಿ ಇರುವುದು ಬಡಿಸುವ ಕೋಶದ ತುದಿಯಲ್ಲಿ. ಒಡಲಭಂಗಿ ಅಲ್ಲಿ ಕೂತರೆ ಕ್ಯಾಲ್ಸಿಯಂ ಒಳನುಗ್ಗುವ ದಾರಿ ಕಿರಿದಾಗುತ್ತದೆ, ಸುರಿಯುವುದು ತಗ್ಗುತ್ತದೆ. ಉಣ್ಣುವವನು ಬಡಿಸುವವನಿಗೆ ಮಾಡುವ ಈ ಮರುಸನ್ನೆಯೇ ಇಡೀ ಕಥೆಯ ತಿರುಳು. ಸನ್ನೆ ಇರುವುದು ಕೆಲವು ಕ್ಷಣ. ಆಮೇಲೆ ಕಿಣ್ವಗಳು ಒಡಲಭಂಗಿಯನ್ನು ಕತ್ತರಿಸಿ ಹಾಕುತ್ತವೆ, ಕೈ ಸರಿಯುತ್ತದೆ, ಬಡಿಸುವುದು ಮತ್ತೆ ನಡೆಯುತ್ತದೆ.

ಎಲ್ಲಿ ಅತಿಯಾಯಿತೋ ಅಲ್ಲಿ ಮಾತ್ರ, ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು. ಟಿಎಚ್‌ಸಿಗೆ ಈ ವಿವೇಚನೆ ಇಲ್ಲ. ಅದು ರಕ್ತದಲ್ಲಿ ಬಂದು ಪಂಕ್ತಿಯ ಎಲೆಗಳ ಮೇಲೆಲ್ಲ ಗಂಟೆಗಟ್ಟಲೆ ಕೈ ಅಡ್ಡ ಹಿಡಿಯುತ್ತದೆ. ಉಣ್ಣುವವರಿಗೆ ಸಾಕಾಗಿದೆಯೋ ಇಲ್ಲವೋ ಅದಕ್ಕೆ ಬೇಕಾಗಿಲ್ಲ.

ಭಂಗಿ ಕುಡಿದವರ ಲಕ್ಷಣಗಳೆಲ್ಲ ಇಲ್ಲಿಂದ ಬಿಡಿಸಿಕೊಳ್ಳುತ್ತವೆ. ಹೊಸ ನೆನಪು ಕಟ್ಟುವ ಹಿಪ್ಪೊಕ್ಯಾಂಪಸ್‌ನಲ್ಲಿ ಸುದ್ದಿ ತಡೆದರೆ ವಾಕ್ಯ ಮುಗಿಸುವಷ್ಟರಲ್ಲಿ ಅದರ ಆರಂಭ ಮರೆತಿರುತ್ತದೆ. ನಡಿಗೆಯ ಲಯ ಕಾಯುವ ಕಿರುಮಿದುಳಿನಲ್ಲಿ ತಡೆದರೆ ತೂರಾಟ. ಹಸಿವಿನ ಕೇಂದ್ರದಲ್ಲಿ ತಡೆದರೆ ಉಂಡ ಹೊಟ್ಟೆಗೂ ಹಸಿವು. ಆದರೆ ಉಸಿರಾಟ ನಡೆಸುವ ಮಿದುಳ ಕಾಂಡದ ಭಾಗದಲ್ಲಿ ಸಿಬಿ1 ತೀರ ವಿರಳ. ಅಫೀಮಿನ ಗ್ರಾಹಕಗಳು ಅಲ್ಲಿ ಬೇಕಾದಷ್ಟಿವೆ. ಅಫೀಮು ಜಾತಿಯ ಔಷಧಿ ಹೆಚ್ಚಾದರೆ ಉಸಿರು ನಿಲ್ಲುವುದೂ, ವಯಸ್ಕರು ಗಾಂಜಾ ಹೆಚ್ಚು ತೆಗೆದುಕೊಂಡರೆ ಸಾಮಾನ್ಯವಾಗಿ ಹಾಗಾಗದಿರುವುದೂ ಇದೇ ಕಾರಣಕ್ಕೆ.

ಭಯದ ವಿಚಾರ ಇನ್ನೂ ಸ್ವಾರಸ್ಯದ್ದು. ಬಡಿಸುವ ಕೋಶಗಳಲ್ಲಿ ಎರಡು ಬಗೆ: ಕೆರಳಿಸುವವು, ತಣಿಸುವವು. ಎರಡಕ್ಕೂ ಸಿಬಿ1 ಉಂಟು. ಕೆರಳಿಸುವವನ್ನು ತಡೆದರೆ ಮನಸ್ಸು ಹಗುರಾಗುತ್ತದೆ. ತಣಿಸುವವನ್ನೇ ತಡೆದರೆ ಹಿಡಿತ ತಪ್ಪಿ ಎದೆ ಹೊಡೆದುಕೊಳ್ಳುತ್ತದೆ. ಕಡಿಮೆ ಪ್ರಮಾಣ ಆತಂಕ ಇಳಿಸುವುದು, ಹೆಚ್ಚಾದದ್ದು ಆತಂಕ ಏರಿಸುವುದು ಪ್ರಾಣಿಗಳಲ್ಲೂ ಮನುಷ್ಯರಲ್ಲೂ ಮತ್ತೆ ಮತ್ತೆ ಕಂಡುಬಂದಿದೆ.

ಈ ಸನ್ನೆ ಬದುಕಿಗೆ ಎಷ್ಟು ಮುಖ್ಯ ಎನ್ನುವುದಕ್ಕೆ ಒಂದು ಕಹಿ ಪಾಠವೂ ಸಿಕ್ಕಿದೆ. ಸಿಬಿ1 ಹಸಿವು ಹೆಚ್ಚಿಸುತ್ತದೆಯಾದರೆ ಅದನ್ನು ಮುಚ್ಚಿದರೆ ತೂಕ ಇಳಿಯಬೇಕಲ್ಲವೇ? ಈ ತರ್ಕದಿಂದ ಹುಟ್ಟಿದ ರಿಮೊನಬಾಂಟ್ ಮಾತ್ರೆ 2006ರಲ್ಲಿ ಯುರೋಪಿನ ಮಾರುಕಟ್ಟೆಗೆ ಬಂತು. ತೂಕ ನಿಜಕ್ಕೂ ಇಳಿಯಿತು. ಜೊತೆಗೆ ಎಷ್ಟೋ ಮಂದಿಗೆ ಖಿನ್ನತೆ ಕವಿಯಿತು, ಆತ್ಮಹತ್ಯೆಯ ಯೋಚನೆ ಬಂತು. 2008ರಲ್ಲಿ ಅದನ್ನು ಹಿಂತೆಗೆದುಕೊಂಡರು.

ಮದ್ದಾಗುವುದು ಎಲ್ಲಿ

ಮೈಯ ಯಾವುದೋ ಮೂಲೆಯಲ್ಲಿ ಸುರಿಯುವುದು ನಿಲ್ಲದೆ ತೊಂದರೆಯಾಗಿದ್ದರೆ ಹೊರಗಿನ ಕೈಯೂ ಉಪಕಾರಿಯಾದೀತು. ಕಿಮೋಥೆರಪಿಯಾದ ಮೇಲೆ ವಾಂತಿಯ ಕೇಂದ್ರ ಬಿಡುವಿಲ್ಲದೆ ಕೆರಳಿರುತ್ತದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದಲ್ಲಿ ಸ್ನಾಯುಗಳಿಗೆ ಬಿಗಿಯುವ ಆಜ್ಞೆ ಹೋಗುತ್ತಲೇ ಇರುತ್ತದೆ. ದೀರ್ಘಕಾಲದ ನೋವಿನಲ್ಲಿ ನೋವಿನ ಸುದ್ದಿ ನಿಲ್ಲುವುದಿಲ್ಲ. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು ಅದುವರೆಗಿನ ಸಂಶೋಧನೆಗಳನ್ನೆಲ್ಲ ಜಾಲಾಡಿ 2017ರಲ್ಲಿ ಕೊಟ್ಟ ವರದಿಯಲ್ಲಿ ಗಟ್ಟಿ ಆಧಾರವಿದೆ ಎಂದದ್ದು ಈ ಮೂರಕ್ಕೆ. ಟಿಎಚ್‌ಸಿ ಮತ್ತು ಸಿಬಿಡಿ ಬೆರೆಸಿದ, ಬಾಯಿಗೆ ಸಿಂಪಡಿಸಿಕೊಳ್ಳುವ ಔಷಧಿಗೆ 2010ರಲ್ಲಿ ಬ್ರಿಟನ್ ಸ್ನಾಯು ಬಿಗಿತಕ್ಕಾಗಿ ಅನುಮತಿ ಕೊಟ್ಟಿತು. ಏಡ್ಸ್‌ನಿಂದ ಸೊರಗಿದವರ ಹಸಿವಿಗೆ 1992ರಿಂದ ಡ್ರೊನಾಬಿನಾಲ್ ಇದೆ. ನೋವಿನ ವಿಷಯದಲ್ಲಿ ಆಸೆ ಹದದಲ್ಲಿರಬೇಕು. ಕೆಲವರಿಗೆ ಅದು ತಗ್ಗುತ್ತದೆ, ಪೂರ್ತಿ ಹೋಗುವುದು ಅಪರೂಪ.

ಕ್ಯಾನ್ಸರ್ ವಾಸಿಯಾಗುತ್ತದೆ ಎಂಬ ಮಾತನ್ನು ಮಾತ್ರ ಖಡಾಖಂಡಿತವಾಗಿ ತಳ್ಳಿಹಾಕಬೇಕು. ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ರಾಸಾಯನಿಕಗಳು ಎಷ್ಟೋ ಇವೆ. ಗಾಂಜಾ ಎಣ್ಣೆ ಮನುಷ್ಯರ ಗಡ್ಡೆಯನ್ನು ಗುಣಪಡಿಸಿತೆಂದು ಯಾವ ಪರೀಕ್ಷೆಯೂ ತೋರಿಸಿಲ್ಲ. ವಾಟ್ಸಾಪ್ ಸಂದೇಶ ನಂಬಿ ಮೊದಲ ಹಂತದಲ್ಲೇ ಚಿಕಿತ್ಸೆ ಬಿಟ್ಟು ಎಣ್ಣೆಗೆ ದುಡ್ಡು ಸುರಿದ ಕುಟುಂಬ ಕಳೆದುಕೊಳ್ಳುವುದು ಮರಳಿ ಬಾರದ ತಿಂಗಳುಗಳನ್ನು.

ಸೆಳವಿನ ಮಕ್ಕಳು

ಸಿಬಿಡಿಯ ದಾರಿ ಬೇರೆ. ಅದು ಸಿಬಿ1ರ ಮೇಲೆ ಟಿಎಚ್‌ಸಿಯಂತೆ ಕೂರುವುದಿಲ್ಲ, ನರಗಳ ಕೆರಳುವಿಕೆಯನ್ನು ಬೇರೆ ಗ್ರಾಹಕಗಳ ಮೂಲಕ ತಗ್ಗಿಸುತ್ತದೆ. ಡ್ರಾವೆ ಎಂಬ ಹುಟ್ಟುರೋಗದ ಮಕ್ಕಳಿಗೆ ಮೊದಲ ವರ್ಷದಲ್ಲೇ ಸೆಳವು ಶುರುವಾಗುತ್ತದೆ, ಇರುವ ಔಷಧಿಗಳು ಹೆಚ್ಚಾಗಿ ಸೋಲುತ್ತವೆ. ಅಮೆರಿಕದ ಕೊಲೊರಾಡೊದ ಒಬ್ಬ ಪುಟ್ಟ ಹುಡುಗಿಗೆ ಸಿಬಿಡಿ ಹೆಚ್ಚಿರುವ ಎಣ್ಣೆಯಿಂದ ಸೆಳವು ಇಳಿದ ಕಥೆ 2013ರಲ್ಲಿ ಟಿವಿಯಲ್ಲಿ ಬಂದಾಗ ಸಾವಿರಾರು ತಂದೆತಾಯಿಯರು ಆ ಎಣ್ಣೆ ಹುಡುಕಿ ಹೊರಟರು. ಒಂದು ಮಗುವಿನ ಕಥೆ ಪುರಾವೆಯಲ್ಲ, ಆದರೆ ಅದು ಪರೀಕ್ಷೆಗೆ ದಾರಿ ಮಾಡಿತು. 120 ಮಕ್ಕಳು ಮತ್ತು ಹದಿಹರೆಯದವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಶುದ್ಧ ಸಿಬಿಡಿ, ಇನ್ನೊಂದಕ್ಕೆ ಅದೇ ರುಚಿಯ ಸಪ್ಪೆ ದ್ರವ ಕೊಟ್ಟರು. ಎರಡೂ ಗುಂಪುಗಳಿಗೆ ಮೊದಲಿನ ಔಷಧಿಗಳು ಮುಂದುವರಿದವು. 2017ರಲ್ಲಿ ಫಲಿತಾಂಶ ಬಂತು: ಸಿಬಿಡಿ ಗುಂಪಿನಲ್ಲಿ ತಿಂಗಳಿಗೆ 12.4ರಷ್ಟಿದ್ದ ಸೆಳವು 5.9ಕ್ಕೆ ಇಳಿದಿತ್ತು, ಇನ್ನೊಂದರಲ್ಲಿ 14.9ರಿಂದ 14.1ಕ್ಕೆ. 2018ರಲ್ಲಿ ಅಮೆರಿಕ ಅದನ್ನು ಔಷಧಿಯೆಂದು ಒಪ್ಪಿತು.

ಆ ಪರೀಕ್ಷೆಯ ಪ್ರಮಾಣದಂತೆ 15 ಕಿಲೋ ತೂಕದ ಮಗುವಿಗೆ ದಿನಕ್ಕೆ 300 ಮಿಲಿಗ್ರಾಂ ಬೇಕು. ಮಂಪರು, ಭೇದಿ, ಲಿವರ್ ಪರೀಕ್ಷೆಯಲ್ಲಿ ಏರುಪೇರು ಕಾಣಿಸಿಕೊಂಡವು. ಬೇರೆ ಸೆಳವಿನ ಮಾತ್ರೆಗಳ ಮಟ್ಟವನ್ನು ಸಿಬಿಡಿ ರಕ್ತದಲ್ಲಿ ಏರಿಸಿಬಿಡಬಲ್ಲದು. ನರರೋಗ ವೈದ್ಯರ ಕಣ್ಣಳತೆಯಲ್ಲಿ ನಡೆಯಬೇಕಾದ ಚಿಕಿತ್ಸೆ ಇದು.

ಕೈ ಸರಿಯದೇ ಹೋದರೆ

ದಿನವೂ ಇಡೀ ಪಂಕ್ತಿಗೆ ಕೈ ಅಡ್ಡ ಬರುತ್ತಿದ್ದರೆ ಬಡಿಸುವವರು ಆ ಕೈಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಸುರಿಯತೊಡಗುತ್ತಾರೆ. ಮಿದುಳಿನಲ್ಲಿ ಆಗುವುದೂ ಅದೇ. ನಿತ್ಯ ಸೇದುವವರ ಮಿದುಳನ್ನು ಸ್ಕ್ಯಾನ್ ಮಾಡಿದ ಅಮೆರಿಕದ ಸಂಶೋಧಕರು 2012ರಲ್ಲಿ ತೋರಿಸಿದಂತೆ, ಹೊರಪದರದಲ್ಲಿ ಸಿಬಿ1 ಗ್ರಾಹಕಗಳು ಕಡಿಮೆಯಾಗಿರುತ್ತವೆ. ಸುಮಾರು ನಾಲ್ಕು ವಾರ ಬಿಟ್ಟರೆ ಮತ್ತೆ ಹೆಚ್ಚುತ್ತವೆ. ಹಳೆಯ ಪ್ರಮಾಣ ಸಾಲದಾಗುವುದು, ಬಿಟ್ಟಾಗ ನಿದ್ದೆ ಬಾರದೆ, ಊಟ ಸೇರದೆ, ಸಣ್ಣದಕ್ಕೂ ಸಿಡುಕುವುದು ಇದರಿಂದ. ಅಡಿಲೇಡಿನ ರೋಗಿಗಳ ವಾಂತಿಗೂ ಹೆಚ್ಚಿನ ತಜ್ಞರು ಕೊಡುವ ವಿವರಣೆ ಇದೇ ಜಾಡಿನದು: ವರ್ಷಗಟ್ಟಲೆ ಹೊರಗಿನ ಸನ್ನೆಗೆ ಒಗ್ಗಿ ಮೈಯ ಸ್ವಂತ ಸನ್ನೆ ಮಂಕಾಗಿದೆ. ಒಮ್ಮೆಯಾದರೂ ಬಳಸಿದವರಲ್ಲಿ ನೂರಕ್ಕೆ ಸುಮಾರು ಒಂಬತ್ತು ಮಂದಿಗೆ ಚಟ ಹತ್ತುತ್ತದೆ, ಹದಿಹರೆಯದಲ್ಲೇ ಶುರು ಮಾಡಿದವರಲ್ಲಿ ಆರಕ್ಕೊಬ್ಬರಿಗೆ.

ಹದಿಹರೆಯ ಎನ್ನುವುದನ್ನು ಒತ್ತಿ ಹೇಳಬೇಕು. ಮಿದುಳಿನ ಮುಂಭಾಗದಲ್ಲಿ ಯಾವ ಸಂಪರ್ಕ ಉಳಿಯಬೇಕು, ಯಾವುದು ಕಡಿದುಹೋಗಬೇಕು ಎಂಬ ಕೆಲಸ ಇಪ್ಪತ್ತೈದರ ಆಸುಪಾಸಿನವರೆಗೂ ನಡೆಯುತ್ತದೆ. ಒಡಲಭಂಗಿಗೆ ಅದರಲ್ಲಿ ಪಾತ್ರವಿದೆ. ಸ್ವೀಡನ್ನಿನಲ್ಲಿ ಸೈನ್ಯಕ್ಕೆ ಸೇರಿದ 45 ಸಾವಿರಕ್ಕೂ ಹೆಚ್ಚು ಯುವಕರನ್ನು 15 ವರ್ಷ ಗಮನಿಸಿದ ಅಧ್ಯಯನ 1987ರಲ್ಲಿ ಬಂತು. ಹದಿನೆಂಟರ ಹೊತ್ತಿಗೆ 50ಕ್ಕಿಂತ ಹೆಚ್ಚು ಸಲ ಗಾಂಜಾ ಸೇದಿದ್ದವರಲ್ಲಿ ಸ್ಕಿಜೋಫ್ರೇನಿಯಾ ಆರು ಪಟ್ಟು ಹೆಚ್ಚಿತ್ತು. ಯುರೋಪ್ ಮತ್ತು ಬ್ರೆಜಿಲಿನ 11 ಕಡೆ ನಡೆದ 2019ರ ಅಧ್ಯಯನದಲ್ಲಿ ದಿನವೂ ಸೇದುವವರಿಗೆ ಚಿತ್ತವಿಕಲತೆಯ ಸಂಭವ ಮೂರು ಪಟ್ಟು, ಕಡಕ್ ಮಾಲನ್ನೇ ದಿನವೂ ಸೇದುವವರಿಗೆ ಸುಮಾರು ಐದು ಪಟ್ಟು. ಸೇದಿದವರಲ್ಲಿ ಬಹುಪಾಲು ಜನರಿಗೆ ಈ ಕಾಯಿಲೆ ಬರುವುದಿಲ್ಲ, ನಿಜ. ಮನೆತನದಲ್ಲಿ ಮೊದಲೇ ಇದ್ದರೆ ಅಪಾಯ ಹೆಚ್ಚು. ಆದರೆ ತಲೆ ಕೆಟ್ಟಿತು ಎಂಬ ಊರಿನ ಮಾತು ಸುಮ್ಮನೆ ಹುಟ್ಟಿದ್ದಲ್ಲ.

ಮಾಲು ಕೂಡ ಹಳೆಯದಾಗಿ ಉಳಿದಿಲ್ಲ. ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದಲ್ಲಿ 1995ರಲ್ಲಿ ಟಿಎಚ್‌ಸಿ ಶೇ 4ರಷ್ಟಿತ್ತು, 2014ರಲ್ಲಿ ಶೇ 12. ಹಿತಮಿತವಾಗಿ ಬಳಸಿದರೆ ಹೇಳಿಕೊಳ್ಳುವಂಥ ಹಾನಿಯಿಲ್ಲ ಎಂದು 1894ರಲ್ಲಿ ಬ್ರಿಟಿಷರ ಆಯೋಗ ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿ ಬರೆದದ್ದನ್ನು ಇಂದಿಗೂ ಉದ್ಧರಿಸುವವರು ಈ ವ್ಯತ್ಯಾಸವನ್ನು ಗಮನಿಸಬೇಕು.

ಲೋಟದೊಳಗಿನ ಲೆಕ್ಕ

ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆ 2019ರಲ್ಲಿ ಹೊರಬಂದಾಗ, ಹಿಂದಿನ ಒಂದು ವರ್ಷದಲ್ಲಿ ಗಾಂಜಾ ಗಿಡದ ಯಾವುದಾದರೂ ರೂಪ ಬಳಸಿದವರು ಸುಮಾರು 3.1 ಕೋಟಿ. ಅವರಲ್ಲಿ ಭಂಗಿಯವರೇ ಹೆಚ್ಚು, ಸುಮಾರು 2.2 ಕೋಟಿ. 1985ರ ಮಾದಕವಸ್ತು ಕಾಯ್ದೆ ಹೂತುದಿ ಮತ್ತು ಅಂಟನ್ನು ನಿಷೇಧಿಸುತ್ತದೆ, ಬಿಡಿ ಎಲೆಯನ್ನು ಗಾಂಜಾ ಎನ್ನುವುದಿಲ್ಲ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಒಬ್ಬ ಆರೋಪಿಗೆ ಜಾಮೀನು ಕೊಡುವಾಗ ಇದನ್ನು ಎತ್ತಿ ಹೇಳಿತು. ಆಯುರ್ವೇದ ಔಷಧಿಗಳಲ್ಲಿ ಭಂಗಿಗೆ ಜಾಗವಿದೆ, ಆದರೆ ವೈದ್ಯರ ಉಸ್ತುವಾರಿಯಲ್ಲೇ ಕೊಡಬೇಕಾದ ವಿಷದ್ರವ್ಯಗಳ ಸರ್ಕಾರಿ ಪಟ್ಟಿಯಲ್ಲಿ ಅದೂ ಸೇರಿದೆ.

ಭಂಗಿಯನ್ನು ಹಾಲು ತುಪ್ಪದಲ್ಲಿ ಕುದಿಸುವುದು ಸರಿಯಾದ ರಸಾಯನವೇ. ಟಿಎಚ್‌ಸಿ ಜಿಡ್ಡಿನಲ್ಲಿ ಕರಗುತ್ತದೆ, ಹಸಿ ಎಲೆಯಲ್ಲಿರುವ ಅದರ ಅಮಲಿಲ್ಲದ ರೂಪ ಕಾವಿಗೆ ಬದಲಾಗುತ್ತದೆ. ಎಡವಟ್ಟಾಗುವುದು ಸಮಯದಲ್ಲಿ. ಹೊಗೆಯಾಗಿ ಹೋದ ಟಿಎಚ್‌ಸಿ ನಿಮಿಷಗಳಲ್ಲಿ ಮಿದುಳು ಮುಟ್ಟುತ್ತದೆ. ಕುಡಿದದ್ದು ಕರುಳು ದಾಟಿ ಲಿವರ್‌ಗೆ ಹೋಗಬೇಕು. ಲಿವರ್ ಅದರ ಒಂದು ಪಾಲನ್ನು ಇನ್ನೊಂದು ರೂಪಕ್ಕೆ ತಿರುಗಿಸುತ್ತದೆ, ಆ ರೂಪಕ್ಕೂ ಬಲವಾದ ಅಮಲಿದೆ. ಇದಕ್ಕೆಲ್ಲ ಅರ್ಧ ಗಂಟೆಯಿಂದ ಎರಡು ಗಂಟೆ. ಹೋಳಿಯ ದಿನ ಒಂದು ಲೋಟ ಕುಡಿದವನು ಮುಕ್ಕಾಲು ಗಂಟೆ ಕಾದು, ಏನೂ ಆಗಲಿಲ್ಲವೆಂದು ಎರಡನೆಯದನ್ನು ಏರಿಸುತ್ತಾನೆ. ಸಂಜೆ ಎರಡೂ ಒಟ್ಟಿಗೆ ಎದ್ದು ನಿಲ್ಲುತ್ತವೆ. ಬಾಯಿ ಒಣಗಿ, ಎದೆ ಡವಡವ ಹೊಡೆದು, ಸತ್ತೇಹೋಗುತ್ತೇನೆ ಎಂದು ಹೆದರಿದವನನ್ನು ಗೆಳೆಯರು ಆಸ್ಪತ್ರೆಗೆ ಹೊತ್ತು ತರುತ್ತಾರೆ. ಮಜ್ಜಿಗೆ, ನಿಂಬೆಹಣ್ಣು ಯಾವುದರಿಂದಲೂ ಅಮಲು ಇಳಿಯುವುದಿಲ್ಲ, ಪ್ರತ್ಯೌಷಧವೂ ಇಲ್ಲ. ಗದ್ದಲವಿಲ್ಲದ ಕೋಣೆಯಲ್ಲಿ ಮಲಗಿಸಿ, ನಾಡಿ ನೋಡುತ್ತ, ಬೇಕಾದರೆ ಆತಂಕ ಇಳಿಸುವ ಔಷಧಿ ಕೊಟ್ಟು ಕಾಯುತ್ತಾರೆ. ಹೃದಯದ ತೊಂದರೆ ಇರುವವರಿಗೆ ಆ ಎದೆಬಡಿತವೇ ಅಪಾಯ.

ಮಕ್ಕಳ ಲೆಕ್ಕ ಪೂರ್ತಿ ಬೇರೆ. ಹಬ್ಬದಲ್ಲಿ ಉಳಿದ ಭಂಗಿ ಪೇಡೆಯನ್ನೋ ಲಡ್ಡುವನ್ನೋ ಸಿಹಿಯೆಂದು ತಿಂದ ಮೂರು ವರ್ಷದ ಮಗುವಿನ ತೂಕಕ್ಕೆ ಆ ಪ್ರಮಾಣ ದೊಡ್ಡವರಿಗಿಂತ ಎಷ್ಟೋ ಪಟ್ಟು ಹೆಚ್ಚು. ಅಂಥ ಮಕ್ಕಳು ಎಬ್ಬಿಸಿದರೂ ಏಳದ ನಿದ್ದೆಗೆ ಜಾರುತ್ತಾರೆ, ಕೆಲವರ ಉಸಿರಾಟವೇ ಕುಗ್ಗಿ ಕೃತಕ ಉಸಿರಾಟದ ಯಂತ್ರ ಬೇಕಾಗುತ್ತದೆ. ಪೊಲೀಸ್ ಕೇಸಿನ ಭಯದಿಂದ ಮನೆಯವರು ಏನು ತಿಂದಿತೆಂದು ಹೇಳದಿದ್ದರೆ ವೈದ್ಯರು ಮಿದುಳುಜ್ವರವಿರಬಹುದೆಂದು ಸ್ಕ್ಯಾನ್ ಮಾಡಿಸುತ್ತಾರೆ, ಬೆನ್ನುಹುರಿಯ ನೀರು ತೆಗೆಯುತ್ತಾರೆ. ಬಂದ ತಕ್ಷಣ ಭಂಗಿ ಎಂದು ಬಾಯಿಬಿಟ್ಟು ಹೇಳಿದರೆ ಮಗುವನ್ನು ಆ ಸೂಜಿಯಿಂದ ಉಳಿಸಬಹುದು.